ಅಪ್ಪನ ಕತ್ತಿಯ ವಾರೆ

೯ ಫೆಬ್ರವರಿ

ಮಗಳಿಗೆ,

ಈ ಪತ್ರದ ಜೊತೆ ಒಂದು ಪೊಟ್ಟಣವಿದೆ. ಪತ್ರ ಓದಿ ಮುಗಿಸಿದ ಮೇಲೆ ಬಿಚ್ಚು. ಬಟ್ಟೆಯಲ್ಲಿ ಸುತ್ತಿ ಮೇಲೆ ರಟ್ಟು ಕಟ್ಟಿದ್ದೇನೆ. ಅವಸರಪಟ್ಟು ಕೈ ಕೊಯ್ದುಕೊಳ್ಳಬೇಡ.

ಒಳಗಿರುವುದು ನಿನ್ನ ಅಪ್ಪನ ಕ್ಷೌರದ ಕತ್ತಿ. ಅಂಗಡಿಯ ಕತ್ತಿಗಳಲ್ಲಿ ಒಂದಲ್ಲ, ಅವರ ಸ್ವಂತದ್ದು, ಅವರ ತಂದೆಯಿಂದ ಬಂದದ್ದು. ಅವರಿಗೆ ಪಾರ್ಶ್ವವಾಯು ಹೊಡೆದ ಬೆಳಿಗ್ಗೆ ಅದು ಅವರ ಕೈಯಲ್ಲಿತ್ತು. ಒಂದು ಕೆನ್ನೆ ಮುಗಿದಿತ್ತು, ಇನ್ನೊಂದು ಆಗಬೇಕಿತ್ತು. ಕತ್ತಿ ಕಲ್ಲಿನ ನೆಲಕ್ಕೆ ಬಿದ್ದು, ತುದಿಯ ಹತ್ತಿರ ಅಲಗಿನ ಬಾಯಿಯಿಂದ ಅಕ್ಕಿಕಾಳಿನಷ್ಟು ಚೂರು ಹಾರಿಹೋಯಿತು. ಆ ದಿನ ಅದನ್ನು ನೋಡುವ ವ್ಯವಧಾನ ಯಾರಿಗೂ ಇರಲಿಲ್ಲ. ಮಾರನೇ ವಾರ ನೆಲ ಒರೆಸುವಾಗ ಕತ್ತಿ ನನಗೆ ಸಿಕ್ಕಿತು.

ಅವರೀಗ ಮನೆಗೆ ಬಂದಿದ್ದಾರೆ. ಎಡಗೈ, ಎಡಗಾಲು ಬಿದ್ದಿವೆ. ಬಾಯಿ ಒಂದು ಕಡೆ ಜೋತಿದೆ, ಮಾತು ಹೊರಡುವುದಿಲ್ಲ. ಬಲಗೈ ಚೆನ್ನಾಗಿದೆ. ಆದರೆ ಕೆನ್ನೆಯ ಚರ್ಮ ಎಳೆದು ಹಿಡಿಯಲು ಇನ್ನೊಂದು ಕೈ ಬೇಕಲ್ಲ. ಕೆಲವು ಸಲ ನನ್ನ ಗುರುತು ಹಿಡಿಯುತ್ತಾರೆ. ಕೆಲವು ಸಲ, ಅಂಗಡಿ ಬಾಗಿಲು ಹಾಕುವ ಹೊತ್ತಿಗೆ ಬಂದ ಗಿರಾಕಿಯನ್ನು ನೋಡುವಂತೆ ನೋಡುತ್ತಾರೆ.

ಗಡ್ಡ ಬೆಳೆದುಬಿಟ್ಟಿದೆ. ಅಂಗಡಿ ನೋಡಿಕೊಳ್ಳುತ್ತಿರುವ ನಮ್ಮ ಗುಂಗುರ ಎರಡು ಸಲ ಬ್ಲೇಡು ಸಿಕ್ಕಿಸುವ ಕತ್ತಿ ತಂದ. ಇವರು ಮುಖ ತಿರುಗಿಸಿಕೊಂಡರು. ಮೂರನೇ ಸಲ ಅವನ ಕೈಯನ್ನೇ ಹಿಡಿದು ಆಚೆ ತಳ್ಳಿದರು. "ಅಮ್ಮಾವ್ರೇ, ಇವರಿಗೆ ಅವರ ಕತ್ತೀನೇ ಆಗ್ಬೇಕು. ನನ್ ತಲೆ ಕೂದಲು ನೋಡಿದ್ರೇ ಗೊತ್ತಾಗಲ್ವಾ, ನನ್ ಮೇಲೆ ಯಾರಿಗೆ ನಂಬಿಕೆ ಬರುತ್ತೆ?" ಎಂದು ಹೇಳಿ ಹೋದ. ಅವನ ತಲೆ ಇವತ್ತಿಗೂ ಗೂಡಿನ ಹಾಗೇ ಇದೆ.

ಬೀದಿಯವರು ನೋಡಲು ಬರುತ್ತಾರೆ. ಎಲ್ಲರೂ ನಿನ್ನ ಅಪ್ಪನ ಕೈಯಲ್ಲಿ ಗಡ್ಡ ತೆಗೆಸಿ ಮುಖ ಮಾಡಿಸಿಕೊಂಡವರೇ. ನಾನು ಬಾಗಿಲಲ್ಲೇ ನಿಲ್ಲಿಸಿ, ನಿದ್ದೆಯಲ್ಲಿದ್ದಾರೆ ಎಂದು ಹೇಳಿ ಕಳಿಸುತ್ತೇನೆ. ಒಂದು ದಿನವೂ ಗಡ್ಡ ಬಿಟ್ಟುಕೊಂಡು ಅಂಗಡಿಯ ಮೆಟ್ಟಿಲು ಹತ್ತದ ಮನುಷ್ಯ. ಅವರನ್ನು ಈ ಅವತಾರದಲ್ಲಿ ಯಾರಿಗೂ ತೋರಿಸಲಾರೆ. ಡಾಕ್ಟರು ಹೆಚ್ಚು ಕಾಲ ಹೇಳಿಲ್ಲ. ಹೋಗುವ ಮುಂಚೆ ಅವರ ಮುಖ ಅವರದಾಗಬೇಕು, ಅಷ್ಟೇ.

ಕತ್ತಿ ಸರಿಮಾಡಿ ಕಳಿಸು. ಈ ಕೆಲಸ ನಿನಗೆ ಬರುತ್ತದೆ ಎಂದು ಬರೆಯುತ್ತಿದ್ದೇನೆ, ಬೇರೆ ಕಾರಣವಿಲ್ಲ.

ಇತಿ,
ನಿನ್ನ ತಾಯಿ

೧೭ ಫೆಬ್ರವರಿ

ಅಮ್ಮ,

ಪೊಟ್ಟಣ ಬಂತು. ನೀನು ಹೇಳಿದ ಹಾಗೆ ಪತ್ರ ಓದಿಯೇ ಬಿಚ್ಚಿದೆ.

ಕತ್ತಿಯನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದೆ. ತುಕ್ಕು ಹೆಚ್ಚಿಲ್ಲ, ಬೆನ್ನಿನ ಮೇಲೆ ಒಂದೆರಡು ಚುಕ್ಕೆ ಅಷ್ಟೇ. ಹಿಡಿ ಗಟ್ಟಿಯಾಗಿದೆ. ಚೂರು ಹಾರಿದ ಜಾಗದಿಂದ ಮೇಲಕ್ಕೆ ಬಿರುಕು ಹೋಗಿದ್ದರೆ ಏನೂ ಮಾಡುವ ಹಾಗಿರಲಿಲ್ಲ. ಪುಣ್ಯಕ್ಕೆ ಹೋಗಿಲ್ಲ. ನಮ್ಮ ಸಾಣೆ ಅಂಗಡಿಯ ಯಜಮಾನರು ಅದನ್ನು ಉಗುರಿನಿಂದ ಮೀಟಿ ಸದ್ದು ಕೇಳಿ, "ಇಂಥ ಉಕ್ಕು ಈಗ ಎಲ್ಲಿ ಬರುತ್ತಮ್ಮ, ನಿಧಾನಕ್ಕೆ ಮಾಡು" ಎಂದರು.

ಒಂದು ವಿಷಯ ನಿನ್ನನ್ನು ಕೇಳಬೇಕು. ಕತ್ತಿಯ ಬಾಯಿ ನೇರವಾಗಿಲ್ಲ, ವಾರೆಯಾಗಿದೆ. ಹಿಡಿಯ ಕಡೆ ತುಂಬಾ ಸವೆದಿದೆ, ತುದಿಯ ಕಡೆ ಅಗಲ ಉಳಿದಿದೆ. ಅಪ್ಪ ಕಲ್ಲಿನ ಮೇಲೆ ಮಸೆಯುವಾಗ ಬುಡಕ್ಕೆ ಭಾರ ಹಾಕುತ್ತಿದ್ದರು, ಅಂಗಡಿಯಲ್ಲಿ ಅವರಿಂದ ಕಲಿತ ನಾನೂ ಹಾಗೇ ಮಸೆಯುತ್ತಿದ್ದೆ. ಎಷ್ಟೋ ವರ್ಷಗಳ ಸವೆತ ಅದು. ಚೂರು ಹಾರಿರುವುದು ಅಗಲ ಉಳಿದ ಕಡೆ. ಅಲ್ಲಿ ಸಾಣೆ ಹಿಡಿದು ಇಳಿಸಿದರೆ ಚೂರಿನ ಗುರುತೂ ಹೋಗುತ್ತದೆ, ಬಾಯಿ ಉದ್ದಕ್ಕೂ ನೇರವೂ ಆಗುತ್ತದೆ. ಕತ್ತಿಗೆ ಒಳ್ಳೆಯದು ಅದೇ. ವಾರೆಯನ್ನು ಹಾಗೇ ಉಳಿಸಬೇಕೆಂದರೆ ಇಡೀ ಬಾಯಿಯನ್ನು ಇಳಿಸಬೇಕು, ಕತ್ತಿ ಬಹಳ ಕಿರಿದಾಗುತ್ತದೆ.

ಯಾವುದು ಮಾಡಲಿ? ನನಗಾದರೆ ಆ ವಾರೆಯನ್ನು ತೆಗೆಯಲು ಮನಸ್ಸು ಬರುತ್ತಿಲ್ಲ. ಆದರೆ ಮನಸ್ಸಿನ ಮಾತು ಕೇಳಿ ಸಾಣೆ ಹಿಡಿಯಬಾರದು ಎಂದು ಹೇಳಿಕೊಟ್ಟವರು ಅಪ್ಪನೇ.

ಅಪ್ಪ ನನ್ನ ಬಗ್ಗೆ ಏನಾದರೂ ಕೇಳುತ್ತಾರಾ?

ನಿನ್ನ ಮಗಳು

೨೪ ಫೆಬ್ರವರಿ

ಮಗಳಿಗೆ,

ಕೇಳುವುದೇನಿದೆ ಇದರಲ್ಲಿ? ನೇರ ಮಾಡು.

ವಾರೆ ಎಂದರೆ ದೋಷ. ನನ್ನ ಮನೆಯಲ್ಲಿ ಕಿಟಕಿಯ ಪರದೆ ವಾರೆಯಾಗಿದ್ದರೂ ನನಗೆ ಊಟ ಸೇರುವುದಿಲ್ಲ, ನಿನಗೆ ಗೊತ್ತು. ಅವರ ಕತ್ತಿ ವಾರೆಯಾಗಿತ್ತು ಎನ್ನುವುದೇ ನನಗೆ ಈಗ ತಿಳಿದದ್ದು. ಮುಂಚೆ ತಿಳಿದಿದ್ದರೆ ಅಂದೇ ಸರಿಮಾಡಿಸುತ್ತಿದ್ದೆ. ಅವರ ತಂದೆ ಕೊಂಡು ತಂದ ದಿನ ಹೇಗಿತ್ತೋ ಹಾಗೆ ಮಾಡಿ ಕಳಿಸು. ಕೆಲಸ ಮಾಡುವುದಾದರೆ ಪೂರ್ತಿ ಮಾಡಬೇಕು.

ಮಾತೇ ಇಲ್ಲದವರು ಯಾರ ಬಗ್ಗೆ ಕೇಳುತ್ತಾರೆ?

ಬೇಗ ಕಳಿಸು. ಗಡ್ಡದಲ್ಲಿ ಗಂಜಿ ಅಂಟುತ್ತದೆ. ಒರೆಸಲು ಹೋದರೆ ಸಿಟ್ಟು ಮಾಡಿಕೊಳ್ಳುತ್ತಾರೆ.

ಇತಿ,
ನಿನ್ನ ತಾಯಿ

೧೨ ಮಾರ್ಚ್

ಅಮ್ಮ,

ಕತ್ತಿ ಕಳಿಸುತ್ತಿದ್ದೇನೆ. ನೀನು ಹೇಳಿದಂತೆ ನೇರ ಮಾಡಿದ್ದೇನೆ.

ತಡವಾಯಿತು ಎಂದು ಬೈದುಕೊಳ್ಳಬೇಡ. ಚಕ್ರದ ಮೇಲೆ ಹೆಚ್ಚು ಹೊತ್ತು ಹಿಡಿದರೆ ಉಕ್ಕು ಕಾಯುತ್ತದೆ. ಕಾದು ನೀಲಿ ತಿರುಗಿದರೆ ಮುಗಿಯಿತು, ಆ ಜಾಗದಲ್ಲಿ ಹರಿತ ಮತ್ತೆಂದೂ ನಿಲ್ಲುವುದಿಲ್ಲ. ಅದಕ್ಕೇ ಇಲ್ಲಿ ಯಾರೂ ಈ ಕೆಲಸಕ್ಕೆ ಕೈಗವಸು ಹಾಕುವುದಿಲ್ಲ. ಅಲಗಿನ ಹಿಂದೆ ಬರಿಬೆರಳು ಇಟ್ಟು, ಬೆರಳಿಗೆ ಬಿಸಿ ತಾಗಿದೊಡನೆ ನೀರಿಗೆ ಅದ್ದುವುದು. ಒಂದು ಎಳೆತ, ಒಂದು ಅದ್ದು. ಬೆರಳಿನ ತುದಿಗಳು ಸ್ವಲ್ಪ ಸುಟ್ಟಿವೆ, ಅಕ್ಷರ ಹೀಗಿರುವುದು ಅದಕ್ಕೆ.

ಆಮೇಲೆ ಕಲ್ಲಿನ ಮೇಲೆ ಮಸೆದೆ, ಕೊನೆಗೆ ಚರ್ಮದ ಪಟ್ಟಿಯ ಮೇಲೆ ಎಳೆದೆ. ತಲೆಗೂದಲೊಂದನ್ನು ಹಿಡಿದು ತಾಗಿಸಿದರೆ ಸದ್ದಿಲ್ಲದೆ ತುಂಡಾಗುತ್ತದೆ. ಯಜಮಾನರು ತಿರುಗಿಸಿ ಮುರುಗಿಸಿ ನೋಡಿ ಏನೂ ಹೇಳಲಿಲ್ಲ. ಅವರು ಏನೂ ಹೇಳದಿದ್ದರೆ ಹೊಗಳಿದಂತೆ. ನಮ್ಮ ಮನೆಯ ಜನರ ಹಾಗೇ.

ಅಮ್ಮ, ನಾನೊಂದು ಸಲ ಬರಲಾ? ಆಸ್ಪತ್ರೆಯಲ್ಲಿ ಬಾಗಿಲ ಹತ್ತಿರದಿಂದ ನೋಡಿದ್ದು. "ನೋಡಿದೆಯಲ್ಲ, ಇನ್ನು ಹೊರಡು" ಎಂದೆ ನೀನು. ಅವರು ನನ್ನನ್ನು ನೋಡಲಿಲ್ಲ.

ನಿನ್ನ ಮಗಳು

೨೫ ಮಾರ್ಚ್

ಮಗಳಿಗೆ,

ಕತ್ತಿ ಬಂತು. ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ನೇರ ಎಂದರೆ ಗೆರೆ ಹೊಡೆದಷ್ಟು ನೇರ. ನಿನ್ನ ಕೆಲಸದಲ್ಲಿ ಎತ್ತಿ ಆಡುವಂಥದ್ದು ಏನೂ ಇಲ್ಲ.

ಅವರನ್ನು ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕೂರಿಸಿ, ಕೊರಳಿಗೆ ಬಿಳಿ ಬಟ್ಟೆ ಕಟ್ಟಿದೆವು. ಗುಂಗುರ ನೊರೆ ಕಲೆಸಿ ತಯಾರಾಗಿದ್ದ. ನಾನು ಕತ್ತಿ ಬಿಚ್ಚಿ ಅವರ ತೊಡೆಯ ಮೇಲಿನ ಟವೆಲಿನ ಮೇಲೆ ಇಟ್ಟೆ. ನೋಡಿದ ತಕ್ಷಣ ಕಣ್ಣು ಅರಳಿತು. ಇಷ್ಟು ತಿಂಗಳಲ್ಲಿ ಆ ಕಣ್ಣು ಹಾಗೆ ಆದದ್ದು ಅದೇ ಮೊದಲು. ಬಲಗೈ ಎತ್ತಿ ಹೆಬ್ಬೆರಳನ್ನು ಕತ್ತಿಯ ಬಾಯಿಯ ಅಡ್ಡಕ್ಕೆ ತಾಗಿಸುತ್ತಾ ಬುಡದಿಂದ ತುದಿಗೆ ಹೋದರು, ಅಂಗಡಿಯಲ್ಲಿ ಪ್ರತಿ ಕತ್ತಿಗೂ ಮಾಡುತ್ತಿದ್ದ ಹಾಗೇ. ನಡುವೆ ಬೆರಳು ನಿಂತಿತು. ಮತ್ತೆ ಬುಡಕ್ಕೆ ಬಂದರು. ಮತ್ತೆ ನಿಂತಿತು. ಆಮೇಲೆ ನನ್ನ ಮುಖ ನೋಡಿದರು. ಕತ್ತಿ ಮಡಚಿ, ಕೈಯ ಹಿಂಬದಿಯಿಂದ ಅದನ್ನು ತೊಡೆಯ ಮೇಲಿಂದ ಸರಿಸಿಬಿಟ್ಟರು.

"ನಿಮ್ಮದೇ ರೀ, ನಿಮ್ಮ ಕತ್ತೀನೇ ಇದು" ಎಂದೆ. ಕೇಳಿಸಿಕೊಳ್ಳಲಿಲ್ಲ.

ಗುಂಗುರ ಹೇಳಿದ, "ಅಮ್ಮಾವ್ರೇ, ಯಾರ್ದೋ ಕತ್ತಿ ತಪ್ಪಿ ನಮ್ಮ ಅಂಗಡೀಗೆ ಬಂದ್ರೆ ಯಜಮಾನ್ರು ಹಿಂಗೇ ಸರಿಸೋರು. ಬೈಯ್ತಾನೂ ಇರ್ಲಿಲ್ಲ. ಸುಮ್ನೆ ಸರಿಸೋರು."

ನೊರೆ ಬಟ್ಟಲಲ್ಲೇ ಆರಿಹೋಯಿತು.

ಆ ವಾರೆಯೇ ಅವರಿಗೆ ಗುರುತು ಎಂದು ನನಗೆ ಹೇಗೆ ಗೊತ್ತಾಗಬೇಕು? ಕಣ್ಣಿಗೆ ಕಂಡದ್ದು ಬೆರಳಿಗೆ ಸಿಗಲಿಲ್ಲ. ಈಗ ಆದದ್ದಾಯಿತು. ಒಂದು ಯೋಚನೆ ಮಾಡಿದ್ದೇನೆ. ನೀನೇ ಬಂದು ಅವರ ಮುಖ ಮಾಡು. ಕತ್ತಿ ಯಾವುದಾದರೂ ನಿನ್ನ ಕೈಯಾದರೆ ಒಪ್ಪಿಯಾರು. ಬೆಳಗಿನ ಬಸ್ಸಿಗೆ ಬಂದರೆ ಕೆಲಸ ಮುಗಿಸಿ ಸಂಜೆ ಹಿಂದಿರುಗಬಹುದು.

ಇತಿ,
ನಿನ್ನ ತಾಯಿ

೩ ಏಪ್ರಿಲ್

ಅಮ್ಮ,

ನಿನ್ನ ಪತ್ರವನ್ನು ನಾಲ್ಕಾರು ಸಲ ಓದಿದೆ.

ನನಗೆ ಕ್ಷೌರ ಬರುವುದಿಲ್ಲ. ಮಸೆಯಲು ಬರುತ್ತದೆ, ಸಾಣೆ ಹಿಡಿಯಲು ಬರುತ್ತದೆ, ಯಾವ ಕತ್ತಿಗೆ ಯಾವ ಕಲ್ಲು ಎಂದು ಕಣ್ಣು ಮುಚ್ಚಿ ಹೇಳುತ್ತೇನೆ. ಆದರೆ ಇಂದಿನವರೆಗೆ ಒಬ್ಬರ ಮುಖದ ಮೇಲೂ ಕತ್ತಿ ಇಟ್ಟವಳಲ್ಲ. ಯಾಕೆ ಎಂದು ನಿನಗೆ ಗೊತ್ತು. ಅಪ್ಪ ಮೂರನೇ ಕುರ್ಚಿ ನನಗೆ ಕೊಡುತ್ತೇನೆ ಎಂದ ದಿನ ನೀನು ಅಂಗಡಿ ತುಂಬ ಗಿರಾಕಿಗಳಿದ್ದಾಗ ಗಲ್ಲಾಪೆಟ್ಟಿಗೆ ಬಿಟ್ಟು ಎದ್ದು ಬಂದು, "ಗಂಡಸರ ಗಂಟಲಿಗೆ ಕತ್ತಿ ಹಿಡಿಯೋ ಕೆಲಸ ನನ್ನ ಮಗಳಿಗೆ ಬೇಡ" ಎಂದೆ. ಅಪ್ಪ ಕೈಯಲ್ಲಿದ್ದ ಮುಖವನ್ನು ಮುಗಿಸಿದರು. ಮುಂದಿನ ಗಿರಾಕಿಯನ್ನು ಕರೆದರು. ನಾನು ಊರು ಬಿಟ್ಟು ಇಲ್ಲಿಗೆ ಬಂದೆ.

ಅಂದು ಕಲಿತಿದ್ದರೆ ಇವತ್ತು ಬರುತ್ತಿದ್ದೆ. ಕಲಿಯದ ಕೈಯನ್ನು ಅಪ್ಪನ ಗಂಟಲಿಗೆ ಹಿಡಿಯಲಾರೆ. ನೋಡಲು ಬಾ ಎಂದು ಕರೆದರೆ ನಾಳೆಯೇ ಬರುತ್ತೇನೆ. ಕ್ಷೌರಕ್ಕೆ ಕರೆದರೆ ಬರಲಾರೆ.

ಕತ್ತಿಯ ವಿಷಯ. ಆ ವಾರೆಯನ್ನು ಮತ್ತೆ ತರಬಹುದು. ಅದೇ ಕತ್ತಿಯನ್ನು ವರ್ಷಗಟ್ಟಲೆ ಮಸೆದವಳು ನಾನು, ಎಲ್ಲಿ ಎಷ್ಟು ಇಳಿಯಬೇಕೆಂದು ಕೈಗೆ ಗೊತ್ತು. ಆದರೆ ಈ ಸಲ ಬುಡದ ಕಡೆಯಿಂದ ತೆಗೆಯಬೇಕು. ಅಲ್ಲಿ ಈಗಾಗಲೇ ತೆಳು ಭಾಗ ಮುಗಿಯುತ್ತಾ ಬಂದಿದೆ, ಇನ್ನು ಬೆನ್ನಿನ ದಪ್ಪ ಶುರುವಾಗುತ್ತದೆ. ಕಷ್ಟಪಟ್ಟು ಬಾಯಿ ತಂದರೂ ಅದು ಒಂದು ಮುಖಕ್ಕೆ ನಿಲ್ಲುತ್ತದೆ, ಹೆಚ್ಚೆಂದರೆ ಎರಡಕ್ಕೆ. ಆಮೇಲೆ ಮಸೆಯುವ ಹಾಗಿಲ್ಲ. ಈಗಿರುವ ಹಾಗೇ ಬಿಟ್ಟರೆ ಇನ್ನೊಂದು ತಲೆಮಾರು ಬಾಳುವ ಕತ್ತಿ ಅದು.

ಯೋಚಿಸಿ ಬರಿ.

ನಿನ್ನ ಮಗಳು

೧೨ ಏಪ್ರಿಲ್

ಮಗಳಿಗೆ,

ಒಂದು ಮುಖ ಸಾಕು.

ಕತ್ತಿಯನ್ನು ಇದರ ಜೊತೆ ಕಳಿಸಿದ್ದೇನೆ. ಇನ್ನೊಂದು ತಲೆಮಾರಿನ ಮಾತು ಬೇಡ, ನಮ್ಮ ಮನೆಯಲ್ಲಿ ಅದನ್ನು ಹಿಡಿಯುವವರು ಯಾರಿದ್ದಾರೆ?

ಗುಂಗುರನ ಕೈಯನ್ನು ಅವರು ಹತ್ತಿರ ಸೇರಿಸುವುದಿಲ್ಲ. ಹೊರಗಿನವರನ್ನು ನಾನು ಸೇರಿಸುವುದಿಲ್ಲ. ಆದ್ದರಿಂದ ನಾನೇ ಮಾಡುತ್ತೇನೆ. ಕತ್ತಿಯನ್ನು ಹೇಗೆ ಹಿಡಿಯಬೇಕು, ಎಲ್ಲಿಂದ ಶುರುಮಾಡಬೇಕು, ಬರೆದು ಕಳಿಸು. ವಿವರವಾಗಿ ಬರೆ. ನಾನು ಹೈಸ್ಕೂಲು ಓದಿದವಳು, ಬರೆದದ್ದು ಅರ್ಥವಾಗುತ್ತದೆ.

ಇತಿ,
ನಿನ್ನ ತಾಯಿ

೨೦ ಏಪ್ರಿಲ್

ಅಮ್ಮ,

ನಾನು ಮಾಡಿ ಕಲಿತದ್ದಲ್ಲ, ನೋಡಿ ಕಲಿತದ್ದು. ಅದನ್ನೇ ಬರೆಯುತ್ತೇನೆ.

ಮೊದಲು ಬಿಸಿನೀರಿನ ಬಟ್ಟೆಯನ್ನು ಮುಖದ ಮೇಲೆ ಸಾಕಷ್ಟು ಹೊತ್ತು ಇಡು. ಗಡ್ಡ ಉದ್ದವಿದೆ, ಅದಕ್ಕೂ ಮುಂಚೆ ಕತ್ತರಿಯಿಂದ ಇಳಿಸು. ಕತ್ತಿಯನ್ನು ಮುಷ್ಟಿಯಲ್ಲಿ ಹಿಡಿಯಬೇಡ. ಮೂರು ಬೆರಳು ಅಲಗಿನ ಬುಡದ ಹಿಂದೆ, ಕಿರುಬೆರಳು ಹಿಡಿಯಿಂದ ಆಚೆ ಚಾಚಿರುವ ಬಾಲದ ಮೇಲೆ, ಹೆಬ್ಬೆರಳು ಕೆಳಗೆ. ಚರ್ಮಕ್ಕೆ ಪೂರ್ತಿ ಮಲಗಿಸಬೇಡ, ನೆಟ್ಟಗೆ ನಿಲ್ಲಿಸಲೂಬೇಡ. ಬೆನ್ನಿನ ದಪ್ಪದ ಎರಡರಷ್ಟು ಎತ್ತಿದರೆ ಸಾಕು. ಇನ್ನೊಂದು ಕೈಯಿಂದ ಚರ್ಮ ಎಳೆದು ಹಿಡಿ. ಒತ್ತಬೇಡ. ಒತ್ತಬೇಕೆನ್ನಿಸಿದರೆ ನಿಲ್ಲಿಸು. ಕತ್ತಿಯನ್ನು ಅಡ್ಡಕ್ಕೆ ಎಂದೂ ಜಾರಿಸಬೇಡ, ರಕ್ತ ಬರುವುದು ಅದರಿಂದಲೇ. ಕಿವಿಯ ಕೆಳಗಿನಿಂದ ಶುರು, ಗಂಟಲು ಕೊನೆಗೆ.

ಮೊದಲು ಬಲೂನಿನ ಮೇಲೆ ಅಭ್ಯಾಸ ಮಾಡು. ತಮಾಷೆಯಲ್ಲ. ಅಪ್ಪ ಹೊಸ ಕೆಲಸಗಾರರಿಗೆಲ್ಲ ಹಾಗೇ ಕಲಿಸುತ್ತಿದ್ದರು. ಬಲೂನು ಊದಿ, ನೊರೆ ಹಚ್ಚಿ, ಒಡೆಯದ ಹಾಗೆ ಆ ನೊರೆಯನ್ನು ಕತ್ತಿಯಿಂದ ತೆಗೆಯುವುದು. ಗುಂಗುರಣ್ಣನನ್ನು ಕೇಳು, ಅವನು ಒಡೆದಷ್ಟು ಬಲೂನು ಇನ್ಯಾರೂ ಒಡೆದಿಲ್ಲ. ಅಂಗಡಿಯ ಬೇರೆ ಕತ್ತಿ ತೆಗೆದುಕೋ, ಈ ಕತ್ತಿ ಬರಲು ದಿನ ಹಿಡಿಯುತ್ತದೆ.

ನಿನ್ನ ಮಗಳು

೧೧ ಮೇ

ಮಗಳಿಗೆ,

ಬಲೂನು ಕೊಳ್ಳಲು ನಾನೇ ಹೋದೆ. ಗುಂಗುರನನ್ನು ಕಳಿಸಿದರೆ ಬೀದಿಗೆಲ್ಲ ಸಾರಿಕೊಂಡು ಬರುತ್ತಾನೆ ಎಂದು. ಪ್ರಯೋಜನವಾಗಲಿಲ್ಲ. ಮೊದಲ ದಿನ ಕತ್ತಿ ತಾಗಿಸುವ ಮುಂಚೆಯೇ ಒಂದು ಒಡೆಯಿತು, ನೊರೆ ನನ್ನ ಕನ್ನಡಕದ ಮೇಲೆಲ್ಲ ಹಾರಿತು. ಎದುರುಮನೆಯ ಟೈಲರು ಕಿಟಕಿಯಿಂದ ತಲೆ ಹಾಕಿ, "ಏನಕ್ಕಾ, ಯಾರ ಹುಟ್ಟಿದಹಬ್ಬ? ದಿನಾ ಪಟಾರ್ ಪಟಾರ್ ಅಂತಿದೆ, ನಮ್ಮನ್ನ ಮಾತ್ರ ಕರೀಲೇ ಇಲ್ಲ!" ಎಂದ. ನಿನ್ನ ಬಾಯಿಗೆ ಒಂದು ಹೊಲಿಗೆ ಹಾಕಿಕೋ ಎಂದು ಹೇಳಿ ಕಿಟಕಿ ಮುಚ್ಚಿದೆ.

ಗುಂಗುರ ಎದುರಿಗೆ ಕುಳಿತು ಉಪದೇಶ ಮಾಡುತ್ತಾನೆ. "ಅಮ್ಮಾವ್ರೇ, ಸಿಟ್ಟಲ್ಲಿ ಹಿಡೀತೀರಿ. ಅದಕ್ಕೂ ಗೊತ್ತಾಗುತ್ತೆ." ರಬ್ಬರಿಗೆ ಏನು ಗೊತ್ತಾಗುತ್ತದೋ ಎಂದೆ. ಆದರೂ ಆಮೇಲೆ ಸ್ವಲ್ಪ ನಿಧಾನಿಸಿದೆ. ಅದು ಒಡೆಯಲಿಲ್ಲ.

ಈಗ ಬೆಳಿಗ್ಗೆ ಒಂದು, ಸಂಜೆ ಒಂದು ಒಡೆಯದೆ ಮುಗಿಸುತ್ತೇನೆ. ಅವರು ಕುರ್ಚಿಯಲ್ಲಿ ಕುಳಿತು ನೋಡುತ್ತಾರೆ. ನಿನ್ನೆ ನನ್ನ ಮೊಣಕೈ ಮೇಲೆದ್ದಾಗ ಅವರ ಗಂಟಲಿನಿಂದ ಒಂದು ಸದ್ದು ಬಂತು. ಮೊಣಕೈ ಇಳಿಸಿದೆ. ಸದ್ದು ನಿಂತಿತು. ಇಷ್ಟು ವರ್ಷ ಸಂಸಾರ ಮಾಡಿದ್ದೇವೆ, ಅವರ ಕೆಲಸ ಇಂಥದ್ದು ಎಂದು ನನಗೆ ತಿಳಿದಿರಲಿಲ್ಲ. ನಾನು ಗಲ್ಲಾಪೆಟ್ಟಿಗೆಯ ಮುಂದೆ ಕುಳಿತು ಅಂಗಡಿ ನಡೆಸಿದವಳು. ಅವರ ಕೈ ಕಡೆ ನೋಡಿದವಳಲ್ಲ.

ಈಚೆಗೆ ಹೆಚ್ಚು ಹೊತ್ತು ಮಲಗೇ ಇರುತ್ತಾರೆ. ಕತ್ತಿ ಬೇಗ ಬರಲಿ.

ಇತಿ,
ನಿನ್ನ ತಾಯಿ

೨೦ ಮೇ

ಅಮ್ಮ,

ಕತ್ತಿ ಇದರೊಂದಿಗಿದೆ. ಚಕ್ರಕ್ಕೆ ಹಿಡಿಯಲು ಧೈರ್ಯ ಬರಲಿಲ್ಲ, ಅಷ್ಟನ್ನೂ ಕಲ್ಲಿನ ಮೇಲೆ ಕೈಯಲ್ಲೇ ಇಳಿಸಿದೆ. ಅಪ್ಪ ನಿಲ್ಲುತ್ತಿದ್ದ ಹಾಗೆ ನಿಂತು, ಅವರು ಭಾರ ಹಾಕುತ್ತಿದ್ದಲ್ಲೇ ಭಾರ ಹಾಕಿ ಮಸೆದೆ. "ಒಳ್ಳೇ ಕತ್ತೀನ ಕೈಯಾರೆ ಹಾಳುಮಾಡ್ತಿದೀಯಲ್ಲಮ್ಮ" ಎಂದರು ಯಜಮಾನರು. ಹೌದು ಎಂದೆ.

ಕಣ್ಣು ಮುಚ್ಚಿ ಹೆಬ್ಬೆರಳು ತಾಗಿಸಿ ನೋಡಿದೆ. ನನ್ನ ಬೆರಳು ಒಪ್ಪಿತು. ಅವರದು ಒಪ್ಪುತ್ತದೋ ಇಲ್ಲವೋ. ಪರೀಕ್ಷೆಗೆಂದು ಬೇರೆ ಯಾವುದಕ್ಕೂ ತಾಗಿಸಬೇಡ, ಬಾಯಿ ಹೋಗುತ್ತದೆ.

ಅವರು ಒಪ್ಪಿದರೋ ಇಲ್ಲವೋ ಎಂದು ಎರಡು ಸಾಲು ಬರಿ. ಅಷ್ಟೇ ಸಾಕು.

ನಿನ್ನ ಮಗಳು

೪ ಜೂನ್

ಅಮ್ಮ,

ಪತ್ರವಿಲ್ಲ. ಕತ್ತಿ ತಲುಪಿತೇ? ಅಪ್ಪ ಏನು ಮಾಡಿದರು?

ನಿನ್ನ ಮಗಳು

೨೪ ಜೂನ್

ಅಮ್ಮ,

ಕ್ಷೇಮವಾಗಿ ಬಂದು ಸೇರಿದೆ. ಹೊರಡುವಾಗ ನೀನು ನೆಂಟರ ಮಧ್ಯೆ ಇದ್ದೆ, ಹೇಳಿ ಬರಲಾಗಲಿಲ್ಲ.

ಅಪ್ಪನನ್ನು ಮಲಗಿಸಿದ್ದ ಕೋಣೆಗೆ ಬಂದಾಗ ಮೊದಲು ನೋಡಿದ್ದು ಮುಖವನ್ನೇ. ಕೆನ್ನೆ ತುಂಬ ಬಿಳಿ ಕೂದಲು. ಹಾಗೇ ಹೊತ್ತುಕೊಂಡು ಹೋದರು. ಅಂಗಳದಲ್ಲಿ ನಿನ್ನನ್ನು ಕೇಳಿದೆ, "ಯಾಕಮ್ಮಾ, ಹಾಗೇ ಬಿಟ್ಟೆ?" ನೀನು ತಿರುಗಿ ಒಳಗೆ ಹೋದೆ. ಉತ್ತರ ಬೇಕಿರಲಿಲ್ಲ. ಕತ್ತಿ ಅವರಿಗೆ ಗುರುತು ಸಿಗಲಿಲ್ಲ ಎಂದು ಮುಖ ನೋಡಿದಾಗಲೇ ತಿಳಿಯಿತು. ಮೊದಲ ಸಲ ನಾನು ಅದನ್ನು ಕೆಡಿಸಿದೆ, ಎರಡನೇ ಸಲ ಮುಗಿಸಿಯೇ ಬಿಟ್ಟೆ.

ಕ್ಷೌರದ ಕತ್ತಿಗಳನ್ನು ಇನ್ನು ನನಗೆ ಕೊಡಬೇಡಿ, ಕತ್ತರಿಗಳ ಕಡೆ ಹಾಕಿ ಎಂದು ಯಜಮಾನರಿಗೆ ಹೇಳಿದ್ದೇನೆ. ಅವರು ಒಪ್ಪಿಲ್ಲ, ಒಪ್ಪುತ್ತಾರೆ.

ಊಟ ಬಿಡಬೇಡ.

ನಿನ್ನ ಮಗಳು

೩ ಜುಲೈ

ಮಗಳೇ,

ನೀನು ತಪ್ಪು ತಿಳಿದು ಹೋಗಿದ್ದೀಯ. ಜನರ ಎದುರಿಗೆ ಆಡುವ ಮಾತಾಗಿರಲಿಲ್ಲ, ಅದಕ್ಕೆ ಒಳಗೆ ಹೋದೆ. ಈಗ ಬರೆಯುತ್ತೇನೆ. ನಿಧಾನವಾಗಿ ಓದು.

ಕತ್ತಿ ಬಂದದ್ದು ಮೇ ತಿಂಗಳ ಕೊನೆಯ ವಾರ. ಬಂದ ಮಾರನೇ ಬೆಳಿಗ್ಗೆಯೇ ಅವರ ಮುಖ ಮಾಡಿದೆ. ನೀನು ಹೇಳಿದಂತೆ ಕಿವಿಯ ಕೆಳಗಿನಿಂದ ಶುರುಮಾಡಿ ಗಂಟಲು ಕೊನೆಗೆ. ಎಡಕೆನ್ನೆ ಜೋತಿದ್ದರಿಂದ ಅಲ್ಲಿ ಸ್ವಲ್ಪ ತಡವಾಯಿತು. ಒಂದು ಕಡೆಯೂ ರಕ್ತ ಬರಲಿಲ್ಲ. ಗಂಟಲು ಮುಗಿಯುವ ಹೊತ್ತಿಗೆ ಕತ್ತಿ ಎಳೆಯತೊಡಗಿತು, ನೀನು ಒಂದು ಮುಖ ಎಂದದ್ದು ಸರಿಯಾಗಿಯೇ ಇತ್ತು. ಬಿಸಿ ಬಟ್ಟೆಯಿಂದ ಒರೆಸಿ ಕನ್ನಡಿ ಹಿಡಿದೆ. ಬಹಳ ಹೊತ್ತು ನೋಡಿಕೊಂಡರು. ಗದ್ದದ ಕೆಳಗೆ ಕೈಯಾಡಿಸಿ ಒಂದು ಕಡೆ ಬೆರಳು ನಿಲ್ಲಿಸಿದರು. ಅಲ್ಲಿ ನಾಲ್ಕು ಕೂದಲು ಉಳಿದಿತ್ತು. ಅದನ್ನೂ ತೆಗೆದೆ.

ಅವತ್ತು ಬಾಗಿಲು ತೆರೆದಿಟ್ಟೆ. ಟೈಲರು ಬಂದ, ಶಾಲೆಯ ಹಳೇ ಮೇಷ್ಟ್ರು ಬಂದರು, ಬೀದಿಯ ಅರ್ಧ ಜನ ಬಂದು ಹೋದರು. "ಏನ್ ಯಜಮಾನ್ರೇ, ಮದುವೆ ಗಂಡಿನ ಹಾಗೆ ಕೂತಿದೀರಾ! ಯಾರ ಕೈಲಿ ಮಾಡಿಸಿದ್ರಿ, ನಮಗೂ ಹೇಳಿ" ಎಂದು ಟೈಲರು ಅವರ ಕೈ ಹಿಡಿದುಕೊಂಡ. ಆಮೇಲೆ ಹೊರಗೆ ಹೋಗಿ ಗೋಡೆಗೆ ಒರಗಿ ಅತ್ತ.

ಅದಾದ ಮೇಲೆ ಅವರು ಎರಡು ವಾರಕ್ಕೂ ಮೇಲೆ ಇದ್ದರು. ನಡುವೆ ನಿನ್ನ ಪತ್ರ ಬಂತು, ಇದನ್ನೆಲ್ಲ ಬರೆಯಲು ನನಗಾಗಲಿಲ್ಲ. ಕೂದಲು ಮತ್ತೆ ಬಂತು. ನೀನು ನೋಡಿದ್ದು ಅದನ್ನು. ಕೊನೆಯ ದಿನ ಗುಂಗುರ ಬ್ಲೇಡು ತಂದಿದ್ದ, ನಾನು ಬೇಡ ಎಂದೆ. ಅವರು ಒಪ್ಪದೆ ಇದ್ದದ್ದನ್ನು ಅವರಿಗೆ ತಿಳಿಯದ ಹೊತ್ತಿನಲ್ಲಿ ಮುಖಕ್ಕೆ ತಾಗಿಸಲು ನನಗೆ ಮನಸ್ಸಾಗಲಿಲ್ಲ.

ಕತ್ತರಿಯ ಕಡೆ ಹೋಗುತ್ತೇನೆ ಎಂದು ಬರೆದಿದ್ದೀಯ. ಹೋಗಬೇಡ. ನಿನ್ನ ಕೆಲಸದಲ್ಲಿ ತಪ್ಪಿರಲಿಲ್ಲ. ಮೊದಲ ಸಲ ನೇರ ಮಾಡು ಎಂದು ಹೇಳಿದವಳು ನಾನು, ಎರಡನೇ ಸಲದ್ದನ್ನು ಅವರು ಒಪ್ಪಿದರು. ಹೇಗೆ ಒಪ್ಪಿದರು ಎಂದು ನಿನಗೆ ತಿಳಿಯಬೇಕು. ಗುಂಗುರನನ್ನು ಬಿಟ್ಟರೆ ಇದು ಯಾರಿಗೂ ಗೊತ್ತಿಲ್ಲ.

ಆ ಬೆಳಿಗ್ಗೆ ಕತ್ತಿ ಬಿಚ್ಚಿ ಅವರ ತೊಡೆಯ ಮೇಲೆ ಇಟ್ಟೆ. ಈ ಸಲ ಅವರ ಕಣ್ಣು ಅರಳಲಿಲ್ಲ, ನೋಡಲೂ ಇಲ್ಲ. ಹೆಬ್ಬೆರಳು ಮಾತ್ರ ಹೋಯಿತು. ಬುಡದಿಂದ ತುದಿಯವರೆಗೆ ಎಲ್ಲೂ ನಿಲ್ಲದೆ ಹೋಯಿತು. ಮತ್ತೊಂದು ಸಲ ಹೋಗಲಿಲ್ಲ. ಕತ್ತಿಯನ್ನು ಕೈಗೆತ್ತಿಕೊಂಡು ಹಿಡಿಯನ್ನು ಮುಂದೆ ಮಾಡಿದರು. ನಾನು ಬಲಗಡೆ ನಿಂತಿದ್ದೆ. ತೆಗೆದುಕೊಳ್ಳಲು ಕೈ ಚಾಚಿದೆ. ಅವರು ನನ್ನ ಕಡೆ ಕೊಡಲಿಲ್ಲ. ಆ ಕೈಯನ್ನು ಎದೆಯ ಅಡ್ಡಕ್ಕೆ ತಂದು ಎಡಕ್ಕೆ ಚಾಚಿದರು, ತಿರುಗಿ ನೋಡದೆ. ಅಲ್ಲಿ ಬರೀ ಗೋಡೆ ಇತ್ತು.

ನನಗೆ ಅರ್ಥವಾಗಲಿಲ್ಲ. ಗುಂಗುರನಿಗೆ ಆಯಿತು. "ಅಮ್ಮಾವ್ರೇ, ಅಂಗಡೀಲಿ ಮಸೆಯೋ ಕಲ್ಲು ಇದ್ದಿದ್ದು ಅವರ ಎಡಗಡೆ. ಅಕ್ಕ ನಿಲ್ತಿದ್ದಿದ್ದೂ ಅಲ್ಲೇ" ಎಂದ. ಅಕ್ಕ ಎಂದರೆ ನೀನು.

ಕೈ ಹಾಗೇ ಚಾಚಿಕೊಂಡಿದ್ದರು. ನಾನು ಕುರ್ಚಿಯ ಹಿಂದಿನಿಂದ ಸುತ್ತಿ ಬಂದು ಎಡಗಡೆ ನಿಂತು ಹಿಡಿಗೆ ಕೈ ಹಾಕಿದೆ. ಅವರು ಬಿಡಲಿಲ್ಲ. ಕಿರುಬೆರಳಿನಿಂದ ನನ್ನ ಮಣಿಕಟ್ಟು ತಡವಿದರು. ಬಳೆ ತಾಗಿತು. ಕತ್ತಿಯನ್ನು ಹಿಂದಕ್ಕೆ ಎಳೆದುಕೊಂಡರು.

ನೀನು ಕಲ್ಲಿನ ಮುಂದೆ ಬಳೆ ಹಾಕುತ್ತಿರಲಿಲ್ಲ. ಬೋಳು ಕೈಯಲ್ಲಿ ಅಂಗಡಿಯಲ್ಲಿ ನಿಲ್ಲುತ್ತೀಯ ಎಂದು ನಾನೇ ಎಷ್ಟು ಸಲ ಬೈದಿದ್ದೇನೆ.

ಗುಂಗುರ ತಲೆ ತಗ್ಗಿಸಿಕೊಂಡು ನೊರೆ ಕಲೆಸತೊಡಗಿದ. ನಾನು ಕಿಟಕಿಯ ಹತ್ತಿರ ಹೋಗಿ ಎರಡೂ ಕೈಯ ಬಳೆ ತೆಗೆದೆ. ಮದುವೆಯಾದಂದಿನಿಂದ ತೆಗೆದವಳಲ್ಲ, ಬೆರಳ ಗೆಣ್ಣಿನ ಹತ್ತಿರ ಸಿಕ್ಕಿಕೊಂಡು ಸುಲಭಕ್ಕೆ ಬರಲಿಲ್ಲ. ಸೋಪಿನ ನೊರೆ ಹಚ್ಚಿ ತೆಗೆದೆ. ಕಿಟಕಿಯ ಕಟ್ಟೆಯ ಮೇಲೆ ಇಟ್ಟೆ. ಮತ್ತೆ ಬಂದು ಅವರ ಎಡಗಡೆ, ನೀನು ನಿಲ್ಲುತ್ತಿದ್ದ ಕಡೆ ನಿಂತು, ಮಾತಾಡದೆ ಕೈ ಚಾಚಿದೆ.

ಕೊಟ್ಟರು.

ನಿನ್ನ ಅಮ್ಮ